ಪ್ರೇಮವ್ವನ ಕೋಳಿ

ತಮ್ಮಾ ಶಂಭು,

ನೀನು ತೀರಿಕೊಂಡ ಮೇಲೆ ನಾನು ನಿನ್ನ ಮನೆಗೆ ಬಂದು ಇದ್ದರೂ ನಿನ್ನ ನಾಯಿ ಬಂಗಾರಿ ನನ್ನ ಹತ್ತಿರ ಸುಳಿಯಲೇ ಇಲ್ಲ. ನಾಳೆ ಅವಳನ್ನು ಕುಮಾರಪಟ್ಟಣದ ಜಾಕೀರನಿಗೆ ಸಾಕಲು ಕೊಡುವುದೆಂದು ಮಾತಾಗಿತ್ತು.

ಇವತ್ತು ಪಕ್ಕದ ಮನೆಯ ಪ್ರೇಮವ್ವ ಕೂಗುತ್ತಲೇ ಒಳಗೆ ಬಂದಳು. "ಅಕ್ಕಾರ, ಲಗೂ ಬರ್ರಿ, ನಿಮ್ಮ ನಾಯಿ ನನ್ನ ಕೋಳಿ ನುಂಗಾಕತ್ತೈತಿ!"

ಅವಳ ಹಿಂದೆಯೇ ಬಂಗಾರಿ ಕೋಳಿಯನ್ನು ಬಾಯಲ್ಲಿ ಹಿಡಿದು ಒಳಗೆ ಬಂದು ನಿನ್ನ ಮಂಚದ ಹತ್ತಿರ ಹೋದಳು, ನಿನ್ನ ಕುರ್ಚಿಯ ಮುಂದೆ ನಿಂತಳು. ನನ್ನನ್ನು ದಾಟಿಯೇ ಹೋದಳು.

ಸ್ಕಾಟ್ಲೆಂಡಿನ ಬೇಟೆಗಾರರು, ಗುಂಡು ತಗುಲಿ ನೀರಿಗೆ ಬಿದ್ದ ಬಾತುಗಳನ್ನು ಹಲ್ಲು ತಾಗಿಸದೆ ತಂದುಕೊಡಲೆಂದೇ ಬಂಗಾರಿಯ ಈ ಗೋಲ್ಡನ್ ರಿಟ್ರೀವರ್ ತಳಿಯನ್ನು ಬೆಳೆಸಿದರೆಂದು ನೀನು ಫೋನಿನಲ್ಲಿ ಹೇಳುತ್ತಿದ್ದೆ. ಬ್ಯಾಡಗಿಯ ಬಿಸಿಲಿಗೆ ಅಷ್ಟು ಕೂದಲಿನ ನಾಯಿ ಯಾಕೆಂದು ನಾನು ಮಾತು ಮುಗಿಸಿದ್ದೆ.

ನೆಲದ ಮೇಲೆ ಕುಳಿತು ಕೈ ಚಾಚಿದೆ. ಒಣ ಜೋಳದ ದಂಟಿನ ಬಣ್ಣದ ಆ ಮುಖ ಬಹಳ ಹೊತ್ತು ನನ್ನನ್ನೇ ನೋಡಿತು. ಆಮೇಲೆ ಕೋಳಿಯನ್ನು ನನ್ನ ಕೈಗಿಟ್ಟಳು. ಜೊಲ್ಲಿನಲ್ಲಿ ನೆನೆದಿತ್ತು, ಒಂದು ಗರಿಯೂ ಮುರಿದಿರಲಿಲ್ಲ. ಕೋಳಿ ಮೈ ಕೊಡವಿಕೊಂಡು ಬೈಯುತ್ತಾ ಹೊರಗೋಡಿತು.

"ನಾಯಿ ಅಲ್ರಿ ಇದು, ಸೂಲಗಿತ್ತಿ ಐತಿ!" ಎಂದು ಪ್ರೇಮವ್ವ ನಕ್ಕಳು.

ಬರುವುದು ಬೇಡವೆಂದು ಜಾಕೀರನಿಗೆ ಫೋನ್ ಮಾಡಿ ತಿರುಗಿದರೆ, ಬಂಗಾರಿ ಪ್ರೇಮವ್ವನ ಒಂದು ಚಪ್ಪಲಿ ಹಿಡಿದುಕೊಂಡು ನೇರವಾಗಿ ನನ್ನ ಮುಂದೆ ನಿಂತಿದ್ದಳು.

ನಿನ್ನ ಅಕ್ಕ