ಅಪ್ಪ ಬೀಳುವ ದೃಶ್ಯ

ಜೂನ್ 8, ರವಿವಾರ. ಸಂಜೆ 7

ಮೂರು ಬ್ಲೌಸ್‌ಗೆ ಹುಕ್ಕು ಹಚ್ಚಿ ಮುಗಿಸಿದೆ. ನಾಲ್ಕನೆಯದಕ್ಕೆ ಉಲ್ಟಾ ಹಚ್ಚಿದ್ದೇನೆ, ಬಿಚ್ಚಬೇಕು. ಸಿಟ್ಟಿನಲ್ಲಿ ಸೂಜಿ ಹಿಡಿಯಬೇಡಿ ಅಂತ ಹೊಲಿಗೆ ಕಲಿಯಲು ಬರುವವರಿಗೆ ನಾನೇ ಹೇಳುತ್ತೇನೆ…

ಇವತ್ತು ತಿಂಗಳ ಎರಡನೇ ರವಿವಾರ. ನಾಲ್ಕಕ್ಕೆ ಗುಂಪಿನವರೆಲ್ಲ ಆನ್‌ಲೈನ್ ಸೇರಿ ಅದೇ ಹಳೆಯ ಕಾಮಿಡಿ ಸಿನಿಮಾ ನೋಡಿದೆವು. ಹೆಸರು ಬರೆಯುವುದಿಲ್ಲ. ಇವತ್ತು ಅದಕ್ಕೆ ಆ ಮರ್ಯಾದೆ ಇಲ್ಲ. ಒಟ್ಟು ಹತ್ತೊಂಬತ್ತು ಮಂದಿ — ಗೋಕಾಕ, ಹುಕ್ಕೇರಿ, ಮೂಡಲಗಿ ಕಡೆಯವರು. ಅಡ್ಮಿನ್ ಮೂಡಲಗಿಯ ಪ್ರಭು. ಕಾಳು ಅಳೆಯುವವರ ಹಾಗೆ ಒಂದು ಅನ್ನದೆ ‘ಲಾಭ, ಎರಡ, ಮೂರ’ ಎಂದು ಎಣಿಸುತ್ತಾನೆ. ಮೂರಕ್ಕೆ ಎಲ್ಲರೂ ಅವನ ಲಿಂಕಿನಲ್ಲಿ ಪ್ಲೇ ಒತ್ತಬೇಕು. ಮೈಕ್ ಆನ್ ಇಡಲೇಬೇಕು. ಒಬ್ಬರೇ ನಕ್ಕರೆ ಏನು ಮಜಾ?

ನಮ್ಮ ಓಣಿಯ ನೆಟ್ ನಿಧಾನ. ನನ್ನ ಮೊಬೈಲಿನಲ್ಲಿ ಅಪ್ಪ ಇನ್ನೂ ನಿಂತೇ ಇದ್ದ. ಅಷ್ಟರಲ್ಲಿ ಅವರೆಲ್ಲ ನಕ್ಕುಬಿಟ್ಟರು. ಬೀಳುವ ಮೊದಲೇ ನಗು!

ಮದುವೆ ದಿಬ್ಬಣದ ಕಾರಿಗೆ ಕುರಿ ಹಿಂಡು ಅಡ್ಡ ಬರುತ್ತದೆ. ಹಾರ್ನ್. ಕುರಿ ಕಾಯುವವನು ದಾರಿಗೆ ಅಡ್ಡ ಬೋರಲು ಬೀಳುತ್ತಾನೆ. ಟಗರು ಅವನ ಮೇಲಿಂದ ಜಿಗಿಯುತ್ತದೆ, ಹಿಂದಿನವೂ ಜಿಗಿಯುತ್ತವೆ. ಅವನು ಎದ್ದು ಬದಿಗೆ ಸರಿದ ಮೇಲೂ ಉಳಿದ ಕುರಿಗಳು ಬರಿದಾದ ಅದೇ ಜಾಗದಲ್ಲಿ ಜಿಗಿಯುತ್ತಲೇ ಇರುತ್ತವೆ. ಅವನು ದಿಕ್ಕು ತೋಚದವನ ಹಾಗೆ ನಿಂತಿರುತ್ತಾನೆ. ಐವತ್ತು ಸೆಕೆಂಡ್, ಅಷ್ಟೇ. ಅವನು ನಾಗನೂರಿನ ಕಲ್ಲಪ್ಪ. ನನ್ನ ಅಪ್ಪ. ನನಗೆ ಆರು ವರ್ಷವಿದ್ದಾಗ ತೀರಿಕೊಂಡ. ಅವನು ನಡೆದಾಡುವುದನ್ನು ನಾನು ನೋಡಲು ಸಾಧ್ಯವಿರುವುದು ಅಲ್ಲಿ ಮಾತ್ರ. ಅದಕ್ಕೇ ಒಂದು ವರ್ಷದಿಂದ ಈ ಗುಂಪಿನಲ್ಲಿದ್ದೇನೆ. ಯಾರಿಗೂ ಹೇಳಿಲ್ಲ.

ಇವತ್ತು ಹುಕ್ಕೇರಿಯ ಕಾಜಲ್, ಬ್ಯೂಟಿ ಪಾರ್ಲರ್ ಇಟ್ಟವಳು, ಅಪ್ಪ ಬೀಳುವುದನ್ನು ಸ್ಟಿಕರ್ ಮಾಡಿ ಹಾಕಿದಳು. ಕೆಳಗೆ ಬರಹ — ‘ಸೋಮವಾರ ನಾನು’. ಒಂಬತ್ತು ಮಂದಿ ಅದನ್ನೇ ಮತ್ತೆ ಹಾಕಿದರು.

ಜೂನ್ 9, ಸೋಮವಾರ

ಬೆಳಗ್ಗೆ ಗುಂಪಿನಲ್ಲಿ ಮತ್ತೆ ಅದೇ ಸ್ಟಿಕರ್. ಸೋಮವಾರವಲ್ಲವೇ. ತಡೆಯಲಾಗಲಿಲ್ಲ. ಬಡವ ಬಿದ್ದರೆ ಹಲ್ಲು ಕಿಸಿಯುವವರು ಮಂದಿಯ ಮುಖಕ್ಕೆ ಬಣ್ಣ ಹಚ್ಚಿ ಏನು ಪ್ರಯೋಜನ, ಮೊದಲು ತಮ್ಮ ಮುಖ ನೋಡಿಕೊಳ್ಳಲಿ ಎಂದು ಕಾಜಲ್‌ಗೆ ಎಲ್ಲರೆದುರೇ ಬರೆದೆ. ಗುಂಪು ಬಿಟ್ಟೆ.

ನಾಲ್ಕನೆಯ ಬ್ಲೌಸಿನ ಹುಕ್ಕು ಬಿಚ್ಚಿದೆ.

ಜೂನ್ 29, ರವಿವಾರ. ನಾಗನೂರ

ಅವ್ವ ಶೇಂಗಾ ಸುಲಿಯುತ್ತಿದ್ದಳು. ಮೂರು ವಾರದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದು ಹೇಳಿಬಿಟ್ಟೆ. ಅವಳಿಗೆ ನೋವಾಗುತ್ತದೆ ಎಂದು ಆ ಸಿನಿಮಾದ ಮಾತನ್ನೇ ಮನೆಯಲ್ಲಿ ಎತ್ತಿದವಳಲ್ಲ ನಾನು. ಕಾರಿನವರು ಅಪ್ಪನನ್ನು ಕೆಡವಿದರು, ಕುರಿ ತುಳಿದವು, ಅದನ್ನೇ ತೋರಿಸಿ ನಗಿಸಿದರು ಎಂದೆ. ಕಣ್ಣೀರು ಬಂತು.

ಅವ್ವ ನಕ್ಕಳು. ಶೇಂಗಾ ಚೆಲ್ಲುವ ಹಾಗೆ ನಕ್ಕಳು.

“ಅವನ್ನ ಯಾರ ಕೆಡವ್ಯಾರ ಹುಚ್ಚಿ? ತಾನ ಹೋಗಿ ಮಲಗಿದ. ಮುಂದಿನ ಟಗರ ಜಿಗಿದ್ರ ಹಿಂದಿನವು ಎಲ್ಲಾ ಅಲ್ಲೇ ಜಿಗಿತಾವು, ಅಡ್ಡ ಏನರ ಇರಲಿ ಬಿಡಲಿ. ಸಿನಿಮಾದವರಿಗೆ ಅದೇನ ಗೊತ್ತು? ನಿಮ್ಮಪ್ಪನ ಹೇಳಿಕೊಟ್ಟಾನ.”

ಅವರಿಗೆ ಬೇಕಾಗಿದ್ದು ಕುರಿ ಕಾರಿಗೆ ಅಡ್ಡ ಬರುವುದು ಮಾತ್ರವಂತೆ. ಇಷ್ಟಕ್ಕೆ ಯಾರು ನಗುತ್ತಾರೆ ಎಂದು ಅಪ್ಪ ಕೇಳಿದನಂತೆ. ನಾಲ್ಕು ಸಲ ಮಲಗಿ ತೋರಿಸಿದ. ಊರಿಗೆ ಬಂದು ಅಂಗಳದಲ್ಲಿಯೂ ಮಲಗಿದ, ಓಣಿಯವರಿಗೆಲ್ಲ ತೋರಿಸಲು. ಸಿನಿಮಾ ಗೋಕಾಕಕ್ಕೆ ಬಂದಾಗ ಮೂರು ಸಲ ಹೋದ. ಮೂರು ಸಲವೂ ಪರದೆಗೆ ಬೆನ್ನು ಮಾಡಿ, ನಗುತ್ತಿದ್ದವರ ಮುಖ ನೋಡಿದನಂತೆ.

ನಾನು ಸೋದರಮಾವನ ಮನೆಯಲ್ಲಿ ಗೋಕಾಕದಲ್ಲಿ ಬೆಳೆದವಳು. ಕುರಿಯ ಹಿಂದೆ ಒಂದು ದಿನ ಹೋದವಳಲ್ಲ. ಕುರಿ ಕಾಯುವವನ ಮಗಳಿಗೆ ಕುರಿಯ ಗುಣ ಗೊತ್ತಿಲ್ಲ! ಮೊದಲೇ ಏಕೆ ಹೇಳಲಿಲ್ಲ ಎಂದು ಜಗಳ ತೆಗೆದೆ. ನೀನು ಯಾವತ್ತು ಕೇಳಿದ್ದೀ ಎಂದಳು.

ಜೂನ್ 30, ಸೋಮವಾರ

ಪ್ರಭುವಿನ ಹಳೆಯ ಲಿಂಕ್ ತೆರೆದು ಟೈಟಲ್ ಮಾತ್ರ ನೋಡಿದೆ. ಹಾಸ್ಯ ಸನ್ನಿವೇಶಗಳು ಎಂದು ದಪ್ಪ ಅಕ್ಷರದಲ್ಲಿ ಯಾರದೋ ಹೆಸರು. ಅಪ್ಪನ ಹೆಸರು ಹುಡುಕಿದೆ. ಡ್ರೈವರ್‌ಗಳದೂ ಇದೆ, ಚಹಾ ಕೊಟ್ಟವನದೂ ಇದೆ. ಅಪ್ಪನದು ಇಲ್ಲ.

ಪ್ರಭುವಿಗೆ ಹೇಳಿ ಗುಂಪಿಗೆ ಮತ್ತೆ ಸೇರಿದೆ. ಜುಲೈ ಹದಿಮೂರರ ಸಿನಿಮಾಕ್ಕೆ ಅವ್ವನನ್ನು ಕರೆಸುತ್ತೇನೆ. ಅವರು ಚೆನ್ನಾಗಿ ನಗಲಿ. ನಕ್ಕು ಮುಗಿದ ಮೇಲೆ ಹೇಳುತ್ತೇನೆ, ಇದು ಯಾರ ಕೆಲಸ ಎಂದು.

ಜುಲೈ 13, ರವಿವಾರ. ಸಂಜೆ 6.30

ಹೊಸ ಪ್ರಿಂಟ್ ಅಂತೆ. ಪ್ರಭು ಎಲ್ಲಿಂದಲೋ ತಂದಿದ್ದ. ಬಣ್ಣ ಏನು, ಸ್ವಚ್ಛ ಏನು, ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಅವ್ವ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಮುಂದೆ ಕೂಡಿಸಿದೆ.

ದಿಬ್ಬಣದ ಕಾರು ಬಂತು. ಹಾರ್ನ್ ಆಯಿತು. ಮರುಕ್ಷಣ ಕಾರು ಮದುವೆ ಮನೆಯ ಮುಂದೆ!

ಕುರಿ ಇಲ್ಲ. ಅಪ್ಪ ಇಲ್ಲ.

ಎಲ್ಲಿ ಎಂದು ಅವ್ವ ನನ್ನ ಮುಖ ನೋಡಿದಳು. ವರ್ಷವಿಡೀ ಅಲ್ಲಿ ಬಿದ್ದು ಬಿದ್ದು ನಕ್ಕವರು, ಹದಿನೆಂಟು ಮಂದಿ, ಒಬ್ಬರೂ ಕೇಳಲಿಲ್ಲ. ನಕ್ಕಾಗ ಸಿಟ್ಟು ಬಂದಿತ್ತು. ಇವತ್ತು ಮೈಯೆಲ್ಲ ಉರಿಯಿತು. ಮೊಬೈಲ್ ಆಫ್ ಮಾಡಿದೆ.

ಜುಲೈ 14

ಪ್ರಭುವಿಗೆ ಫೋನ್ ಮಾಡಿದೆ. ರೀಲಿನಲ್ಲಿ ಆ ಭಾಗ ಕೆಟ್ಟಿತ್ತಂತೆ, ಅದಕ್ಕೆ ತೆಗೆದಿದ್ದಾರಂತೆ.

“ಒಂದ ನಿಮಿಷದ್ದರಿ ಅಕ್ಕಾರ. ಕತಿಗೇನ ಧಕ್ಕಿ ಇಲ್ಲ.”

ಹಳೆಯದನ್ನು ಕೊಡು ಎಂದೆ. ಡ್ರೈವ್ ತುಂಬಿತ್ತು, ಡಿಲೀಟ್ ಮಾಡಿದ್ದಾನೆ! ಕುರಿ ಕಾಯಲು ತೋಳನನ್ನು ಬಿಟ್ಟ ಹಾಗಾಯಿತು. ಆಗ ಹೇಳಿದೆ, ಆ ಕುರಿ ಕಾಯುವವನು ಯಾರು, ಆ ನಗು ಯಾರದು ಎಂದು. ಎಲ್ಲರನ್ನೂ ಕೇಳಿ ಹುಡುಕುತ್ತೇನೆ ಅಂದ.

ಜುಲೈ 24, ಗುರುವಾರ

ಹತ್ತು ದಿನ ಹುಡುಕಿದರೂ ಹಳೆಯ ಪ್ರಿಂಟ್ ಯಾರ ಹತ್ತಿರವೂ ಇಲ್ಲ. ಸ್ಟಿಕರ್ ಮಾಡಲು ಕತ್ತರಿಸಿದ ತುಣುಕು ಇದ್ದರೆ ಕಾಜಲ್ ಹತ್ತಿರ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ. ಆದರೂ ಹುಕ್ಕೇರಿ ಬಸ್ಸು ಹತ್ತಿದೆ.

ಯಾರದೋ ಹುಬ್ಬು ತೀಡುತ್ತಿದ್ದಳು. ದಾರ ಬಾಯಲ್ಲಿಯೇ ಇತ್ತು. ಎಲ್ಲ ಹೇಳಿದೆ. ಬರೆದದ್ದು ತಪ್ಪಾಯಿತು ಎಂದೂ ಹೇಳಿದೆ.

“ನಿಮ್ಮಪ್ಪ ಅಂತ ಅವತ್ತ ಒಂದ ಮಾತ ಅಂದಿದ್ರ ನಾ ಹಂಗ ಮಾಡತಿದ್ನೇನ್ರಿ ಅಕ್ಕಾ? ಇಡೀ ಸಿನಿಮಾದಾಗ ನನಗ ಅವರ ಅಂದ್ರ ಪಂಚಪ್ರಾಣರಿ.”

ತುಣುಕು ಇತ್ತು. ಹನ್ನೊಂದು ಸೆಕೆಂಡ್. ಅಪ್ಪ ಬೀಳುತ್ತಾನೆ, ಟಗರು ಜಿಗಿಯುತ್ತದೆ, ಮುಗಿಯಿತು. ಐವತ್ತರಲ್ಲಿ ಹನ್ನೊಂದು! ಅಷ್ಟಕ್ಕೇ ಏಕೆ ಕತ್ತರಿಸಿದೆ ಎಂದು ಅವಳದೇ ಅಂಗಡಿಯಲ್ಲಿ ನಿಂತು ರೇಗಿದೆ. ಚಹಾ ತರಿಸಿದಳು. ಕುಡಿದೆ.

ಆಗಸ್ಟ್ 10, ರವಿವಾರ. ಸಂಜೆ 4.50

ಇನ್ನೂ ನಡೆದಿದೆ. ಬರೆಯದೆ ಇರಲಾಗುತ್ತಿಲ್ಲ.

ಹಾರ್ನ್ ಆದ ಕೂಡಲೇ ಪ್ರಭು ಸಿನಿಮಾ ನಿಲ್ಲಿಸಿದ. ಇವನು ನನ್ನ ಅಪ್ಪ ಎಂದು ಎಲ್ಲರಿಗೂ ಹೇಳಿ, ಕಾಜಲ್ ಕೊಟ್ಟ ತುಣುಕು ಹಾಕಿದ. ಅಪ್ಪ ಬಿದ್ದ, ಟಗರು ಜಿಗಿಯಿತು, ಪರದೆ ಕಪ್ಪಾಯಿತು.

ಒಬ್ಬರೂ ನಗಲಿಲ್ಲ. ಕೈಮುಗಿದ ಚಿತ್ರಗಳು ಬಂದವು. ಯಾರೋ ಓಂ ಶಾಂತಿ ಎಂದು ಹಾಕಿದರು. ನನ್ನ ಅಪ್ಪ ಎಂದು ಗೊತ್ತಾಗಿದ್ದೇ ತಡ, ಸತ್ತವರ ಮನೆ ಮಾಡಿಬಿಟ್ಟರು! ಎಷ್ಟು ಸಿಟ್ಟು ಬಂತೆಂದರೆ, ಬಯ್ಯಬೇಕೆಂದು ಬಾಯಿ ತೆರೆದೆ. ಪಕ್ಕದಲ್ಲಿ ಕೂತಿದ್ದ ಅವ್ವ ಮೊಬೈಲ್ ಕಸಿದುಕೊಂಡಳು.

“ಮುಗೀಲಿಲ್ಲ, ತಡೀರಿ. ಈಗ ಏಳತಾನ. ಎದ್ದ ಬಾಜೂಕ ನಿಂದರತಾನ. ಕುರಿ ನೋಡ್ರಿ, ಹೆಂಗ ಜಿಗಿಯಾಕತ್ತಾವು. ಅಲ್ಲಿ ಏನ ಐತ್ರಿ? ಏನೂ ಇಲ್ಲ.”

ಕಪ್ಪು ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಕುರಿ ತೋರಿಸಿದಳು. ಕರಿಯದು, ಕಿವಿ ಹರಿದದ್ದು, ಗಬ್ಬದ್ದು. ಮೊದಲು ನಕ್ಕವಳು ಕಾಜಲ್. ಆಮೇಲೆ ಪ್ರಭು. ಆಮೇಲೆ ಎಲ್ಲರೂ. ಹಿಂದೆ ಇಷ್ಟು ನಕ್ಕಿದ್ದು ಕೇಳಿಲ್ಲ. ನನ್ನ ಮೈಕ್ ಒಡೆಯುವ ಹಾಗೆ ನಾನೂ ನಕ್ಕೆ, ಅಳುತ್ತಲೇ.

ಅವ್ವ ನಿಲ್ಲಿಸುತ್ತಿಲ್ಲ. ಹಿಂಡಿನಲ್ಲಿ ಇದ್ದದ್ದು ನಲವತ್ತು ಕುರಿ, ಅವಳ ಎಣಿಕೆ ಅರವತ್ತು ದಾಟಿದೆ. ಈಗ ಮದುಮಗ ಕಾರು ಇಳಿದು ತಾನೂ ಜಿಗಿದನಂತೆ! ಇದು ಸಿನಿಮಾದಲ್ಲಿ ಎಲ್ಲಿತ್ತು? ಎಲ್ಲರೂ ನಂಬುತ್ತಿದ್ದಾರೆ. ತಡೆಯಬೇಕು ಇವಳನ್ನು. ತಡೆಯುತ್ತೇನೆ… ಆದರೆ ಅಪ್ಪ ಈಗ ರುಮಾಲು ಕೊಡವಿ, ಕಾರಿನ ಬಾಗಿಲು ತೆಗೆದು—