ಹಸು ಕರೆಯುವ ಗಂಟಲು

"...ಹಸು ಕರೆಯೋಕಷ್ಟೇ ಲಾಯಕ್ಕು ನಿನ್ನ ಗಂಟಲು" ಎಂದು ಅಮ್ಮ ಅಂದದ್ದು ಬೆಟ್ಟದಲ್ಲೋ ಅಡುಗೆಮನೆಯಲ್ಲೋ, ನೆನಪಿಲ್ಲ. ಅಕ್ಕಾ, ಪಾರ್ಮಾದಲ್ಲಿ ಅಣಕದ ಶಿಳ್ಳೆ ಹೊಡೆಸಿಕೊಂಡ ಗಾಯಕಿಗೆ ಇಟಲಿಯ ಬೇರೆ ಯಾವ ರಂಗಮಂದಿರವೂ ಬಾಗಿಲು ತೆರೆಯುವುದಿಲ್ಲ. ನಿನ್ನೆ ಇಲ್ಲಿ ನಾನು ಬಾಯಿ ಬಿಡುವ ಮೊದಲೇ ಗ್ಯಾಲರಿಯಲ್ಲಿ ಶಿಳ್ಳೆ ಎದ್ದಿತು. "ಸ್ವೀಡನ್ನಿನ ಹಿಮಗಡ್ಡೆ, ಮನೆಗೆ ಹೋಗಮ್ಮಾ!" ಎಂದು ಹಂದಿಮಾಂಸದ ಅಂಗಡಿಯವನೊಬ್ಬ ಕೂಗಿದ, ವಾದ್ಯಗಳು ನಿಂತುಬಿಟ್ಟವು. ನಾನು ತಲೆಯೆತ್ತಿ, ನಮ್ಮ ಬೆಟ್ಟದಲ್ಲಿ ಸಂಜೆ ದೂರದ ಹಸುಗಳನ್ನು ಕರೆಯುವಂತೆ ಒಂದೇ ಉಸಿರಿನಲ್ಲಿ ಕರೆದೆ. ಸದ್ದಡಗಿತು. ಆ ಮೌನದಲ್ಲೇ ಹಾಡು ಶುರುಮಾಡಿದೆ. ಮುಗಿದಾಗ "ಇನ್ನೊಂದ್ಸಲ ಹಾಡು ತಾಯಿ!" ಎಂದು ಎಲ್ಲರಿಗಿಂತ ಜೋರಾಗಿ ಅರಚಿದವನು ಅವನೇ. ಬೆಳಿಗ್ಗೆ ಒಂದಿಡೀ ಹಂದಿತೊಡೆ ಕಳಿಸಿದ್ದಾನೆ, ಊಟದ ಚಿಂತೆಯಿಲ್ಲ, ಕೆಮ್ಮೂ ಹೋಗಿದೆ. ಗಾಡಿ ಬಂತು.

ನಿನ್ನ ತಂಗಿ ಬ್ರಿಟಾ

ತಾ.ಕ. ಇದನ್ನು ಅಮ್ಮನ ಗೋರಿಯ ಬಳಿ ಓದು: ಇಗರ್ಜಿಯ ಹಿಂದೆ ಮಣ್ಣಲ್ಲಿ ಮಲಗಿರುವ ಅಮ್ಮಾ, ಎಷ್ಟು ಹಸು ಬಂದವು ನೋಡಿದೆಯಾ?