ತೆ ಎಸ್ತ್ರಾನ್ಯೊ

೯ ಫೆಬ್ರವರಿ ೧೯೯೮, ಎಂ.ಕೆ. ಹುಬ್ಬಳ್ಳಿ
ಬೆಳಿಗ್ಗೆ ಸಕ್ಕರೆ ಕಾರ್ಖಾನೆಯಲ್ಲಿ ನಾಲ್ಕು ಹೊಲದ ಕಬ್ಬಿನ ರಸ ಪರೀಕ್ಷೆ. ಮಧ್ಯಾಹ್ನ ಲುಸಿಯಾಳ ಜೊತೆ ಪಾಠ. ಕಬ್ಬಿನ ತಳಿ ನೋಡಲು ಮೆಕ್ಸಿಕೊದಿಂದ ಬಂದವಳು, ಎರಡು ತಿಂಗಳಿಂದ ನಮ್ಮ ಮನೆಯಲ್ಲೇ. ಅವಳಿಗೆ ನನ್ನ ಕನ್ನಡ, ನನಗೆ ಅವಳ ಸ್ಪ್ಯಾನಿಷ್. ಹೆರುವುದಕ್ಕೆ ಅವರು 'ಬೆಳಕಿಗೆ ಕೊಡುವುದು' ಅನ್ನುತ್ತಾರಂತೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿದಳು.
"ಎಷ್ಟ ಚಂದ ಅಂತಾರವಾ!"
ಆಮೇಲೆ ರಾತ್ರಿಯವರೆಗೂ ಅದೇ ಗುಂಗು. ಸಂಜೆ ಉಳಿದ ರಸ ಸೋಸುವಾಗಲೂ... ಬೆಳಕು.

೨೮ ಫೆಬ್ರವರಿ
ಲುಸಿಯಾ ತನ್ನ ದೇಶಕ್ಕೆ ಹೋದಳು. ಬಸ್ಸಿನ ಕಿಟಕಿಯಲ್ಲಿ ಕೈ ಮಾತ್ರ ಕಂಡಿತು. ಹೇಳಬೇಕಾದ್ದು ಹೇಳಲೇ ಇಲ್ಲ.

೧೬ ಏಪ್ರಿಲ್
ಪತ್ರ! ಒಂದೇ ಪುಟ. ಫೋನ್ ನಂಬರು. ಕೊನೆಗೆ — "ತೆ ಎಸ್ತ್ರಾನ್ಯೊ ಮುಚೊ, ಸಿದ್ಧಾರೂಢ."
ಧಾರವಾಡದಲ್ಲಿ ಕೊಂಡ ಪಾಕೆಟ್ ಡಿಕ್ಷನರಿ ತೆಗೆದೆ. ವಿಚಿತ್ರವೆನಿಸು. ಗಡೀಪಾರು ಮಾಡು.
ಅಂದರೆ ನಾನು ಅವಳಿಗೆ ತೀರಾ ವಿಚಿತ್ರ. ಸರಿ. ಉತ್ತರ ಬರೆಯುವುದಿಲ್ಲ.

೩ ನವೆಂಬರ್
ಅವ್ವ ಮತ್ತೆ ಕೇಳಿದಳು. ರಾಮದುರ್ಗದ ಹೆಣ್ಣು ನೋಡಲು ಹೂಂ ಅಂದೆ.

೧೪ ನವೆಂಬರ್
ಸವದತ್ತಿಗೆ ಹೋಗಿದ್ದೆ. ಅಲ್ಲಿ ನನಗೆ ಜ್ವರ ಬಂದು ಮಿಷನ್ ದವಾಖಾನೆಗೆ ಹೋದೆ. ಅಲ್ಲಿಯ ಸಿಸ್ಟರ್ ಸ್ಪೇನಿನವರು, ಇಪ್ಪತ್ತು ವರ್ಷದಿಂದ ಇಲ್ಲೇ. ಪತ್ರ ಇನ್ನೂ ಕಿಸೆಯಲ್ಲಿತ್ತು. ಏನನ್ನಿಸಿತೋ, ತೋರಿಸಿ ಡಿಕ್ಷನರಿ ಕೊಟ್ಟ ಅರ್ಥವನ್ನೂ ಹೇಳಿದೆ.
"ವಿಚಿತ್ರ ಅನ್ನೂದು ನಮ್ಮ ಸ್ಪೇನಿನ ಮಾತರಿ. ನಿಮ್ಮ ಡಿಕ್ಷನರಿನೂ ನಮ್ಮ ಕಡೇದ. ಮೆಕ್ಸಿಕೊದಾಗ ಹಂಗಲ್ಲ."
"ಮತ್ತ?"
"ನೀ ಇಲ್ಲದ ಭಾಳ ಬ್ಯಾಸರ ಆಗೇತಿ, ನಿನ್ನ ನೆನಪ ಕಾಡತೈತಿ ಅಂತ ಬರದಾಳ್ರಿ."
ಪತ್ರದ ತಾರೀಖು ಮತ್ತೆ ನೋಡಿದೆ. ಏಳು ತಿಂಗಳು...
ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ.
"ಮದಲ ಆಕಿ ಕೂಡ ಮಾತಾಡು. ರಾಮದುರ್ಗದವ್ರಿಗೆ ನಾ ಹೇಳಿ ಕಳಸ್ತೇನಿ."

೧೫ ನವೆಂಬರ್, ಬೆಳಿಗ್ಗೆ ೯
ಈಗಷ್ಟೇ ಎಸ್‌ಟಿಡಿ ಬೂತಿನಿಂದ ಬಂದೆ. ಮೆಕ್ಸಿಕೊದಲ್ಲಿ ಇನ್ನೂ ನಿನ್ನೆಯ ರಾತ್ರಿ. "ಹಲೋ" ಅಂದದ್ದಕ್ಕೇ ಗುರುತು ಹಿಡಿದಳು.
"ಯಾಕ ಬರೀಲಿಲ್ಲ?" ಕನ್ನಡದಲ್ಲೇ ಕೇಳಿದಳು.
ಡಿಕ್ಷನರಿಯ ಕಥೆ ಹೇಳಿದೆ. ನಕ್ಕಳು. ನಗು ಅರ್ಧಕ್ಕೇ ಅಳುವಾಯಿತು. ಆಮೇಲೆ ತಂತಿಯಲ್ಲಿ ಸಮುದ್ರದಂಥ ಸದ್ದು. ಕೊನೆಗೆ ಅವಳು ಮೆಲ್ಲಗೆ —
"ಬರ್ಲೇನು?"
ಹೊರಡುವಾಗಲೂ ನಾವು ಅನ್ನುವುದು ಅದನ್ನೇ. ಫೋನ್ ಇಡಲು ಕೇಳಿದಳೋ, ಇಲ್ಲಿಗೆ ಬರಲು ಕೇಳಿದಳೋ... ಈ ಸಲ ಯಾರನ್ನೂ ಅರ್ಥ ಕೇಳುತ್ತ ಕೂಡಲಿಲ್ಲ.
"ಬಾ," ಅಂದೆ. "ಖರೇನ ಬಾ."
"ಬರ್ತೇನಿ," ಅಂದಳು. "ನಾಳೆನ ಟಿಕೀಟ ತಗಸ್ತೇನಿ."